ದಾಳದ ಆಟ ಚಲನಚಿತ್ರವಾದುದು

ಆಟವೆಂದೊಡನೆ ಒಬ್ಬರು ಗೆಲ್ಲುವುದು, ಇನ್ನೊಬ್ಬರು ಸೋಲುವುದು ನಮ್ಮ ಮನಸ್ಸಿಗೆ ಬರುತ್ತದೆ. ಆಟಗಾರರಲ್ಲಿ ಗೆದ್ದವರು ಸೋತವರೆಂಬ ಭೇದವೇ ಇಲ್ಲದ ಆಟವೊಂದು 1974ರಲ್ಲಿ ಅಮೆರಿಕದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಪ್ರಕಟವಾಯಿತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿದ ಆ ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ನೆಲದಡಿಯ ಸೆರೆಮನೆಗಳು ಮತ್ತು ಬೆಂಕಿಯುಗುಳುವ ಘಟಸರ್ಪಗಳು ಎಂದು ಇದರ ಅರ್ಥ.

ಮೇಜಿನ ಸುತ್ತ ನಾಲ್ಕೈದು ಮಂದಿ ಕುಳಿತುಕೊಳ್ಳುತ್ತಾರೆ. ಒಬ್ಬನು ಕಥೆ ನಡೆಸುವ ಸೂತ್ರಧಾರ. ಉಳಿದವರು ಯೋಧ, ಮಾಂತ್ರಿಕ, ಕಳ್ಳ, ಹೀಗೆ ತಮಗೆ ಒಪ್ಪಿದ ಪಾತ್ರವನ್ನು ವಹಿಸುತ್ತಾರೆ. “ಎದುರಿಗೆ ಆಳವಾದ ಕಂದಕವಿದೆ, ಏನು ಮಾಡುವೆ?” ಎಂದು ಸೂತ್ರಧಾರನು ಕೇಳುತ್ತಾನೆ. “ಹಾರುತ್ತೇನೆ” ಎಂದರೆ ಸಾಲದು. ಇಪ್ಪತ್ತು ಮುಖಗಳ ದಾಳವನ್ನು ಉರುಳಿಸಬೇಕು. ಸಾಕಷ್ಟು ದೊಡ್ಡ ಸಂಖ್ಯೆ ಬಂದರೆ ದಾಟಿದನು, ಇಲ್ಲವಾದರೆ ಬಿದ್ದನು. ಮುಂದೇನಾಗುವುದೆಂಬುದು ಸೂತ್ರಧಾರನಿಗೂ ಪೂರ್ತಿಯಾಗಿ ತಿಳಿಯದು. ಆಟದ ಜೀವವಿರುವುದೇ ಇಲ್ಲಿ.

ಇಂತಹ ಆಟವನ್ನು ಚಲನಚಿತ್ರವಾಗಿಸುವುದು ಹೇಗೆ? ಚಿತ್ರದ ಕಥೆ ಮೊದಲೇ ಬರೆದಿಟ್ಟದ್ದು. ಪ್ರೇಕ್ಷಕನ ಕೈಯಲ್ಲಿ ದಾಳವಿಲ್ಲ. ನಾಯಕನು ಕಂದಕವನ್ನು ದಾಟಿಯೇ ದಾಟುವನೆಂದು ಅವನು ನಿಶ್ಚಿಂತನಾಗಿರುತ್ತಾನೆ. 2000ದಲ್ಲಿ ಕೋರ್ಟ್ನಿ ಸಾಲೊಮನ್ ನಿರ್ದೇಶಿಸಿದ ಚಿತ್ರದಲ್ಲಿ ಘಟಸರ್ಪಗಳಿಗೇನೂ ಕೊರತೆಯಿರಲಿಲ್ಲ. ಜೆರೆಮಿ ಐರನ್ಸ್‌ರಂತಹ ನುರಿತ ನಟರೂ ಇದ್ದರು. ಆದರೂ ಅದು ಸೋತಿತು. ಆಟದ ವೇಷಭೂಷಣಗಳು ತೆರೆಗೆ ಬಂದವೇ ಹೊರತು ಆಟ ಬರಲಿಲ್ಲ.

2023ರಲ್ಲಿ ಜೊನಾಥನ್ ಗೋಲ್ಡ್‌ಸ್ಟೀನ್ ಮತ್ತು ಜಾನ್ ಫ್ರಾನ್ಸಿಸ್ ಡೇಲಿ ನಿರ್ದೇಶಿಸಿದ ‘ಆನರ್ ಅಮಂಗ್ ಥೀವ್ಸ್’ ಬೇರೊಂದು ಉಪಾಯವನ್ನು ಹಿಡಿಯಿತು. ಇಲ್ಲಿಯ ನಾಯಕರ ಯೋಜನೆಗಳು ಒಂದರ ಮೇಲೊಂದರಂತೆ ಕೆಡುತ್ತವೆ. ಪಾತಾಳದಲ್ಲೊಂದು ಹಳೆಯ ಸೇತುವೆ. ಎಲ್ಲೆಲ್ಲಿ ಕಾಲಿಡಬೇಕೆಂಬುದಕ್ಕೆ ಕಠಿಣ ನಿಯಮಗಳಿವೆ. ಬಲ್ಲವನೊಬ್ಬನು ಅವನ್ನು ವಿವರಿಸುತ್ತಿರುವಾಗಲೇ ಸೈಮನ್ ಎಂಬ ಅಳ್ಳೆದೆಯ ಮಾಂತ್ರಿಕನು ಕಾಲಿಟ್ಟುಬಿಡುತ್ತಾನೆ, ಸೇತುವೆ ಕುಸಿಯುತ್ತದೆ. ಪ್ರಶ್ನೆಯನ್ನು ಪೂರ್ತಿ ಓದುವ ಮೊದಲೇ ಉತ್ತರ ಬರೆಯತೊಡಗುವ ಹುಡುಗರನ್ನು ಬಹುಕಾಲ ಕಂಡ ನನಗೆ ಈ ದೃಶ್ಯ ಬಲು ಪ್ರಿಯ. ಆಮೇಲೆ ಅವರನ್ನು ದಾಟಿಸುವುದು ಹೊಲ್ಗಾ ಎಂಬ ಯೋಧೆ ಬರಿಯ ಊರುಗೋಲೆಂದು ತಂದಿದ್ದ ಒಂದು ದಂಡ. ಚಿಕ್ಕ ಸಂಖ್ಯೆ ಬಿದ್ದಾಗ ಆಟಗಾರರು ಕೈಯಲ್ಲಿರುವುದನ್ನೇ ತಡಕಾಡುವ ರೀತಿಯೂ ಇದೇ. ದಾಳ ಕಾಣಿಸದಿದ್ದರೂ ಅದು ಉರುಳಿದ ಸದ್ದು ಪ್ರೇಕ್ಷಕನಿಗೆ ಕೇಳಿಸುತ್ತದೆ.

ಸುಮಾರು 15 ಕೋಟಿ ಡಾಲರ್ ವೆಚ್ಚದ ಈ ಚಿತ್ರ ಗಳಿಸಿದ್ದು 20 ಕೋಟಿಗಿಂತ ತುಸು ಹೆಚ್ಚು. ಚಿತ್ರಮಂದಿರಗಳ ಪಾಲನ್ನು ಕಳೆದರೆ ಅದು ಲಾಭದ ಲೆಕ್ಕವಲ್ಲ. ವಿಮರ್ಶಕರು ಮಾತ್ರ ಮೆಚ್ಚಿದರು.

ನಗೆಯ ನಡುವೆ ಕಥೆಗೊಂದು ಭಾರವೂ ಇದೆ. ಕ್ರಿಸ್ ಪೈನ್ ಅಭಿನಯಿಸಿರುವ ಎಡ್ಗಿನ್ ಎಂಬ ಗಾಯಕನು ಲೋಭದಿಂದ ದುಷ್ಟ ಮಾಂತ್ರಿಕರ ಸಂಪತ್ತನ್ನು ಕದ್ದಿದ್ದನು. ಅದರ ಜಾಡು ಹಿಡಿದು ಬಂದವರು ಅವನ ಪತ್ನಿಯನ್ನು ಕೊಂದರು. ಸತ್ತವರನ್ನು ಒಮ್ಮೆ ಮಾತ್ರ ಬದುಕಿಸಬಲ್ಲ ಫಲಕವೊಂದಕ್ಕಾಗಿ ಅವನು ಸೆರೆಮನೆಯನ್ನೂ ಕಂಡನು. ಕೊನೆಗೆ ಫಲಕ ಕೈಗೆ ಬಂದಾಗ ಹೊಲ್ಗಾ ವಿಷದ ಕತ್ತಿಗೆ ಸಿಕ್ಕಿ ಪ್ರಾಣ ಬಿಡುತ್ತಾಳೆ. ಅವನ ಮಗಳು ಕಿರಾಳನ್ನು ಎಳವೆಯಿಂದ ಸಾಕಿದವಳು ಅವಳೇ. ಎಡ್ಗಿನ್ ಮಗಳ ಮುಖವನ್ನು ನೋಡುತ್ತಾನೆ. ಪತ್ನಿಗೆಂದು ತಂದ ಫಲಕವನ್ನು ಹೊಲ್ಗಾಳಿಗಾಗಿ ಬಳಸುತ್ತಾನೆ.