ನಿಮಗಿದು ಗೊತ್ತೆ? ಮಂಜುಗಡ್ಡೆ ಹಾಕಿ ಈಜುವ ಬೊಂಡೈ

ಆಸ್ಟ್ರೇಲಿಯದ ಸಿಡ್ನಿಯ ಕಡಲತಡಿಯ ಬಡಾವಣೆ ಬೊಂಡೈ. ಇಲ್ಲಿನ ‘ಬೊಂಡೈ ಐಸ್‌ಬರ್ಗ್ಸ್’ ಈಜು ಸಂಘಕ್ಕೆ ಬರೀ ದುಡ್ಡು ಕಟ್ಟಿದರೆ ಪೂರ್ಣ ಸದಸ್ಯತ್ವ ಸಿಗದು. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಚಳಿ. ಆಗ ನಾಲ್ಕು ಭಾನುವಾರಗಳಲ್ಲಿ ಮೂರರಂತೆ, ಐದು ವರ್ಷ ಈಜಬೇಕು! ಋತು ಶುರುವಾಗುವ ದಿನವಂತೂ ಸದಸ್ಯರು ದೊಡ್ಡ ಮಂಜುಗಡ್ಡೆಗಳನ್ನು ಹೊತ್ತು ತಂದು, ಅಲೆ ಬಡಿಯುವ ಬಂಡೆಯಂಚಿನ ಕೊಳಕ್ಕೆ ಹಾಕಿ ತಾವೂ ಜಿಗಿಯುತ್ತಾರೆ.

ಈ ಸಂಘವನ್ನು 1929ರಲ್ಲಿ ಕಟ್ಟಿದವರು ಊರಿನ ಜೀವರಕ್ಷಕರು. ಚಳಿಗಾಲದಲ್ಲೂ ಮೈಕಟ್ಟು ಕೆಡಬಾರದೆಂಬುದು ಅವರ ಉದ್ದೇಶ. ಹೆಂಗಸರಿಗೆ ಬಾಗಿಲು ತೆರೆಯಲು ಮಾತ್ರ 1995 ಬರಬೇಕಾಯಿತು.

ಆ ಜೀವರಕ್ಷಕರೇನು ಸಾಮಾನ್ಯರಲ್ಲ. 1938ರ ಫೆಬ್ರುವರಿ 6ರ ಭಾನುವಾರ ಬೊಂಡೈ ಕಡಲಲ್ಲಿ ಒಂದರ ಹಿಂದೊಂದು ಹೆದ್ದೆರೆ ಎದ್ದು ನೂರಾರು ಮಂದಿಯನ್ನು ಒಳಗೆಳೆಯಿತು. ಐವರು ಸತ್ತರು, ಸುಮಾರು 250 ಮಂದಿಯನ್ನು ಸ್ವಯಂಸೇವಕರು ದಡಕ್ಕೆ ತಂದರು.

ಇನ್ನೊಂದು ಸ್ವಾರಸ್ಯ: 1907ರ ಜನವರಿಯಲ್ಲಿ ಇದೇ ಕಡಲಲ್ಲಿ ಮುಳುಗುತ್ತಿದ್ದ ಒಂಬತ್ತರ ಹುಡುಗನೊಬ್ಬನನ್ನು ಈಜುಗಾರರು ಉಳಿಸಿದರು. ಮರುತಿಂಗಳೇ ಬೊಂಡೈ ಜೀವರಕ್ಷಕ ಸಂಘ ಹುಟ್ಟಿತು. ಹುಡುಗ ಚಾರ್ಲ್ಸ್ ಕಿಂಗ್ಸ್‌ಫರ್ಡ್ ಸ್ಮಿತ್. 1928ರಲ್ಲಿ ಅಮೆರಿಕದಿಂದ ಆಸ್ಟ್ರೇಲಿಯಕ್ಕೆ ಪೆಸಿಫಿಕ್ ಸಾಗರದ ಮೇಲೆ ಮೊದಲು ವಿಮಾನ ಹಾರಿಸಿ ತಂದ ಸಾಹಸಿ. ಸಿಡ್ನಿ ವಿಮಾನ ನಿಲ್ದಾಣಕ್ಕಿರುವುದು ಅವರದೇ ಹೆಸರು.