ಸೂಜಿಮೊನೆಯ ಸಾಂತ್ವನ

ಕಲಬುರಗಿಯಿಂದ ಆಳಂದಕ್ಕೆ ಹೋಗುವ ದಾರಿಯಲ್ಲಿ, ತೊಗರಿ ಜೋಳಗಳು ಬೆಳೆಯುವ ಎರೆಭೂಮಿಯ ನಡುವೆ ಕಡಗಂಚಿ ಎಂಬ ಗ್ರಾಮವಿದೆ. 2009ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಆವರಣವಿರುವುದು ಇಲ್ಲಿಯೇ. ಈ ದಾರಿಯ ಬಸ್ಸಿನಲ್ಲಿ ಪುಸ್ತಕ ಹಿಡಿದ ವಿದ್ಯಾರ್ಥಿಯ ಪಕ್ಕದಲ್ಲಿ, ಕಲಬುರಗಿಯ ಕಿದ್ವಾಯಿ ಸಂಸ್ಥೆಯ ಶಾಖೆಗೆ ಹೊರಟ ಅರ್ಬುದರೋಗಿಯೊಬ್ಬರು ಕುಳಿತಿರಬಹುದು. ಔಷಧಿಯಿಂದಾಗುವ ವಾಂತಿ, ಕೀಲುನೋವು, ಬಳಲಿಕೆಗಳಿಂದ ಬಸವಳಿದ ಅವರಿಗೆ ಯಾರೋ ಹಿತೈಷಿಗಳು ಸೂಜಿ ಚುಚ್ಚಿಸಿಕೊಂಡರೆ ಕ್ಯಾನ್ಸರ್ ವಾಸಿಯಾಗುವುದೆಂದು ಹೇಳಿದ್ದಾರೆನ್ನಿ. ಅವರು ಪಕ್ಕದ ವಿದ್ಯಾರ್ಥಿಯನ್ನು, "ಓದಿದವರಲ್ಲವೇ, ಇದು ನಿಜವೇ?" ಎಂದು ಕೇಳಿದರೆ ಆತನು ಏನೆಂದು ಉತ್ತರ ಕೊಡಬೇಕು?

ಅಕ್ಯುಪಂಕ್ಚರ್ ಎಂಬ ಹೆಸರು ಲ್ಯಾಟಿನ್ ಭಾಷೆಯದು. ಸೂಜಿಯಿಂದ ಚುಚ್ಚುವುದು ಎಂದು ಅದರ ಅರ್ಥ. ವಿದ್ಯೆ ಮಾತ್ರ ಚೀಣ ದೇಶದ್ದು. ಎರಡು ಸಾವಿರ ವರ್ಷಗಳಷ್ಟು ಹಳೆಯದು. ಅದು ಭಾರತಕ್ಕೆ ಬಂದ ಕಥೆಯ ಒಂದು ಎಳೆ ಈ ನಾಡಿನ ನೆರೆಯಲ್ಲಿಯೇ ಇದೆ. ಆಳಂದದ ಪಶ್ಚಿಮಕ್ಕೆ, ಗಡಿಯಾಚೆ, ಕನ್ನಡಿಗರು ಬಹುಸಂಖ್ಯೆಯಲ್ಲಿ ನೆಲೆಸಿರುವ ಸೊಲ್ಲಾಪುರದಲ್ಲಿ 1910ರಲ್ಲಿ ಹುಟ್ಟಿದ ಡಾಕ್ಟರ್ ದ್ವಾರಕಾನಾಥ ಕೋಟ್ನೀಸರು, 1938ರಲ್ಲಿ ಇತರ ನಾಲ್ವರು ವೈದ್ಯರೊಡನೆ ಯುದ್ಧಪೀಡಿತ ಚೀಣಕ್ಕೆ ತೆರಳಿ, 1942ರಲ್ಲಿ ಅಲ್ಲಿಯೇ ಪ್ರಾಣಬಿಟ್ಟರು. ಅವರ ಸಂಗಡಿಗರಾಗಿದ್ದ ಬಿಜಯಕುಮಾರ ಬಸುಗಳು ಮುಂದೆ ಮತ್ತೊಮ್ಮೆ ಚೀಣಕ್ಕೆ ಹೋಗಿ ಈ ವಿದ್ಯೆಯನ್ನು ಕಲಿತು, 1959ರಲ್ಲಿ ಕಲ್ಕತ್ತೆಯಲ್ಲಿ ಅದರ ಪ್ರಯೋಗವನ್ನು ಆರಂಭಿಸಿದರು. 2019ರಲ್ಲಿ ಭಾರತ ಸರಕಾರವು ಇದನ್ನು ಒಂದು ಸ್ವತಂತ್ರ ಚಿಕಿತ್ಸಾಪದ್ಧತಿಯೆಂದು ಮನ್ನಿಸಿತು.

ಶರೀರದಲ್ಲಿ ಪ್ರಾಣಶಕ್ತಿಯು ಹರಿಯುವ ನಾಳಗಳಿವೆ, ಅವು ಕಟ್ಟಿಕೊಂಡರೆ ರೋಗ ಬರುತ್ತದೆ ಎಂಬುದು ಪ್ರಾಚೀನ ಚೀಣೀಯರ ಭಾವನೆ. ಶವಚ್ಛೇದನ ಮಾಡಿದವರಿಗೆ ಅಂತಹ ನಾಳಗಳು ಕಾಣಸಿಗಲಿಲ್ಲ. ಆದರೆ ವಿವರಣೆ ತಪ್ಪಾದ ಮಾತ್ರಕ್ಕೆ ಪರಿಣಾಮವೂ ಸುಳ್ಳಾಗಬೇಕೆಂದಿಲ್ಲ. ಮೊಣಕೈಗೆ ಪೆಟ್ಟು ಬಿದ್ದೊಡನೆ ನಾವು ಅದನ್ನು ತಿಕ್ಕಿಕೊಳ್ಳುತ್ತೇವಷ್ಟೆ? ಸ್ಪರ್ಶದ ಸಂದೇಶವು ಬೆನ್ನುಹುರಿಯಲ್ಲಿ ನೋವಿನ ಸಂದೇಶಕ್ಕೆ ಅಡ್ಡಬರುತ್ತದೆಂದು ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿ ಸೂಚಿಸಿದರು. ಸೂಜಿಯೂ ನರಗಳನ್ನೇ ಕೆಣಕುತ್ತದೆ. ಮಿದುಳು ತಾನೇ ತಯಾರಿಸುವ, ಅಫೀಮನ್ನು ಹೋಲುವ ನೋವುನಿವಾರಕ ದ್ರವ್ಯಗಳಿಗೆ ಎಂಡಾರ್ಫಿನ್ ಎಂದು ಹೆಸರು. ಅಫೀಮಿನ ಪ್ರಭಾವವನ್ನು ಕಳೆಯುವ ನಲಾಕ್ಸೋನ್ ಎಂಬ ಮದ್ದನ್ನು ಕೊಟ್ಟಾಗ ಇಲಿಗಳಲ್ಲಿ ಸೂಜಿಯ ನೋವುಶಮನ ಗುಣವೂ ಅಡಗಿಹೋಯಿತೆಂದು 1976ರಲ್ಲಿ ಕೆನಡಾದ ಪೊಮೆರಾಂಜರು ತೋರಿಸಿದರು. ಸೂಜಿಯ ಕೆಲಸದಲ್ಲಿ ಎಂಡಾರ್ಫಿನ್ನಿನ ಕೈವಾಡ ಉಂಟೆಂಬುದಕ್ಕೆ ಇದೊಂದು ಸುಳಿವು.

ಆದರೂ ಒಂದು ಸಂದೇಹ ಉಳಿಯುತ್ತದೆ. ನಂಬಿಕೆಯಿಂದಲೇ ನೋವು ತಗ್ಗುವುದುಂಟು. ಹಾಗಾದರೆ ಗುಣ ಸೂಜಿಯದೋ, ಭರವಸೆಯದೋ? ಇದನ್ನು ತಿಳಿಯಲು ಸಂಶೋಧಕರು ಹುಸಿ ಸೂಜಿಯ ಉಪಾಯವನ್ನು ಹೂಡುತ್ತಾರೆ. ಸ್ತನದ ಅರ್ಬುದ ಮರಳದಂತೆ ತಡೆಯಲು ಅನೇಕ ಸ್ತ್ರೀಯರು ಐದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಒಂದು ಬಗೆಯ ಮಾತ್ರೆಯನ್ನು ಸೇವಿಸಬೇಕಾಗುತ್ತದೆ. ಅದರಿಂದ ಕೀಲುಗಳಲ್ಲಿ ತೀವ್ರ ನೋವು ಬರುವುದುಂಟು. ನೋವು ತಾಳಲಾರದೆ ಮಾತ್ರೆಯನ್ನೇ ಬಿಟ್ಟವರು ರೋಗಕ್ಕೆ ಬಾಗಿಲು ತೆರೆದಂತಾಗುತ್ತದೆ. 2018ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದರಲ್ಲಿ ಇಂತಹ 226 ಸ್ತ್ರೀಯರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ನಿಯಮಿತ ಸ್ಥಾನಗಳಲ್ಲಿ ಸೂಜಿ. ಇನ್ನೊಂದಕ್ಕೆ ಶಾಸ್ತ್ರದಲ್ಲಿಲ್ಲದ ಸ್ಥಾನಗಳಲ್ಲಿ ಮೇಲುಮೇಲಿನ ಚುಚ್ಚು. ಮೂರನೆಯದಕ್ಕೆ ಕಾಯುವಿಕೆ ಮಾತ್ರ. ನೋವನ್ನು ಸೊನ್ನೆಯಿಂದ ಹತ್ತರವರೆಗೆ ಅಳೆದಾಗ, ಆರು ವಾರಗಳ ಕೊನೆಗೆ ಮೊದಲ ಗುಂಪಿನಲ್ಲಿ ಅದು ಸುಮಾರು ಎರಡು ಅಂಕ, ಉಳಿದೆರಡರಲ್ಲಿ ಸುಮಾರು ಒಂದು ಅಂಕ ತಗ್ಗಿತ್ತು. ಲಾಭ ನಿಜ; ಆದರೆ ಅದು ಸಣ್ಣದು.

ವಾಂತಿಯ ವಿಷಯದಲ್ಲಿಯೂ ಹೀಗೆಯೇ. ಮಣಿಕಟ್ಟಿನ ಒಳಬದಿಯಲ್ಲಿ, ಮಡಿಕೆಯಿಂದ ಮೂರು ಬೆರಳು ಮೇಲೆ, ಎರಡು ಸ್ನಾಯುರಜ್ಜುಗಳ ನಡುವೆ ಚೀಣೀಯರು ಗುರುತಿಸಿದ ಒಂದು ಬಿಂದುವಿದೆ. 2000ದಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಅತಿ ತೀವ್ರ ಔಷಧಿ ಪಡೆಯುತ್ತಿದ್ದ 104 ಸ್ತ್ರೀಯರೆಲ್ಲರಿಗೂ ವಾಂತಿ ತಡೆಯುವ ಮದ್ದನ್ನು ಕೊಟ್ಟಿದ್ದರು. ಐದು ದಿನಗಳಲ್ಲಿ ಮದ್ದೊಂದನ್ನೇ ಪಡೆದವರ ವಾಂತಿಯ ಮಧ್ಯಾಂಕ 15 ಸಲ. ಹುಸಿ ಸೂಜಿಯವರದು 10. ವಿದ್ಯುತ್ತು ಹರಿಸಿದ ಸೂಜಿಯವರದು 5. ಹುಸಿ ಸೂಜಿಯೂ ಕೊಂಚ ಉಪಕರಿಸಿತೆಂಬುದನ್ನು ವಾಚಕರು ಗಮನಿಸಬೇಕು. ಚಿಕಿತ್ಸೆ ನಿಂತ ಕೆಲವು ದಿನಗಳಲ್ಲಿ ಈ ಅಂತರ ಅಳಿಸಿಹೋಯಿತು. ಅಂದಿನಿಂದೀಚೆಗೆ ವಾಂತಿಯ ಮದ್ದುಗಳೂ ಬಹಳ ಸುಧಾರಿಸಿವೆ.

ಆದರೆ ಗೆಡ್ಡೆಯನ್ನು ಸೂಜಿಯು ಕರಗಿಸಿತೆಂಬುದಕ್ಕೆ ಎಲ್ಲಿಯೂ ಪ್ರಮಾಣವಿಲ್ಲ. ಜೀವಕೋಶವು ತನ್ನ ವಿಭಜನೆಯ ಕಟ್ಟಳೆಯನ್ನು ಮುರಿದು ಬೆಳೆಯುವುದೇ ಅರ್ಬುದ. ಅದನ್ನು ತಡೆಯಲು ಶಸ್ತ್ರಕ್ರಿಯೆ, ವಿಕಿರಣ, ಔಷಧಿಗಳೇ ಬೇಕು. ಸೂಜಿಯನ್ನು ನಂಬಿ ಇವನ್ನು ಮುಂದೂಡಿದರೆ, ಗುಣವಾಗಬಹುದಾಗಿದ್ದ ರೋಗವೂ ಕೈಮೀರಿ ಹೋಗುತ್ತದೆ. ಸೂಜಿಯಲ್ಲಿಯೂ ಅಪಾಯವಿಲ್ಲದಿಲ್ಲ. ಅರ್ಬುದದ ಔಷಧಿಗಳಿಂದ ಬಿಳಿಯ ರಕ್ತಕಣಗಳು ಕುಗ್ಗಿದಾಗ ಚಿಕ್ಕ ಗಾಯವೂ ಸೋಂಕಿಗೆ ದಾರಿಯಾದೀತು. ರಕ್ತ ಹೆಪ್ಪುಗಟ್ಟಿಸುವ ಕಣಗಳು ಕುಗ್ಗಿದಾಗ ರಕ್ತಸ್ರಾವವಾದೀತು. ಆದುದರಿಂದ ಅರ್ಬುದ ವೈದ್ಯರ ಒಪ್ಪಿಗೆ, ಇತ್ತೀಚಿನ ರಕ್ತಪರೀಕ್ಷೆ, ಒಮ್ಮೆ ಬಳಸಿ ಬಿಸಾಡುವ ಶುದ್ಧ ಸೂಜಿ, ತರಬೇತಾದ ಕೈ, ಈ ನಾಲ್ಕೂ ಇರಲೇಬೇಕು. ಚಿಕಿತ್ಸೆಯಿಂದ ಬಾತುಕೊಂಡ ತೋಳಿಗೆ ಚುಚ್ಚದಿರುವುದೇ ಲೇಸು.

ಈಗ ಬಸ್ಸಿನ ವಿದ್ಯಾರ್ಥಿಯು ಉತ್ತರ ಕೊಡಬಲ್ಲನು: "ಸೂಜಿಯಿಂದ ಕ್ಯಾನ್ಸರ್ ವಾಸಿಯಾಗುವುದಿಲ್ಲ, ಅಮ್ಮಾ. ನೋವು, ವಾಂತಿ ಸ್ವಲ್ಪ ತಗ್ಗಬಹುದು. ನಿಮ್ಮ ಡಾಕ್ಟರನ್ನು ಕೇಳದೆ ಚುಚ್ಚಿಸಿಕೊಳ್ಳಬೇಡಿ. ಆಸ್ಪತ್ರೆಯ ಔಷಧಿಯನ್ನು ಮಾತ್ರ ಒಂದು ದಿನವೂ ತಪ್ಪಿಸಬೇಡಿ." ಕಲಬುರಗಿಯ ನಿಲ್ದಾಣ ಬರುವಷ್ಟರಲ್ಲಿ ಇಷ್ಟನ್ನು ತಿಳಿಸಿ ಹೇಳಿದರೆ, ಆತನು ಕಲಿತ ವಿಜ್ಞಾನವು ಒಬ್ಬರ ಜೀವಕ್ಕೆ ಒದಗಿಬಂದಂತಾಗುವುದು.