ಹರಳು ಎಚ್ಚರಗೊಳ್ಳುವ ಹೊತ್ತು

ಅಕ್ಕಿಕಾಳಿನಷ್ಟು ಉದ್ದದ, ಬೂದುಬೆಳ್ಳಿ ಬಣ್ಣದ ಕೊಳವೆ. ಒಂದು ತುದಿಯಲ್ಲಿ ತೆಳ್ಳನೆಯ ಎರಡು ಕಾಲು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುವ ವಾಚ್ ಕ್ರಿಸ್ಟಲ್ ಇದು. ಒಳಗೆ, ಗಾಳಿ ಹೀರಿ ತೆಗೆದ ಜಾಗದಲ್ಲಿ, ಶ್ರುತಿಕವೆಯ ಆಕಾರಕ್ಕೆ ಕೊರೆದ ಕ್ವಾರ್ಟ್ಜ್ ಹರಳು. ಅದರ ಎರಡು ಬೆರಳು ಒಮ್ಮೆ ಒಂದರ ಕಡೆಗೊಂದು ಬಾಗುತ್ತವೆ, ಒಮ್ಮೆ ದೂರ ಸರಿಯುತ್ತವೆ. ಸೆಕೆಂಡಿಗೆ 32,768 ಸಲ. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡಿದರೆ ಒಂದು ಉಳಿಯುತ್ತದೆ, ಸೆಕೆಂಡಿಗೆ ಒಂದೇ ಮಿಡಿತ.

ಅದನ್ನು ಎಟಿಮೆಗಾ328ಪಿ ಮೈಕ್ರೋಕಂಟ್ರೋಲರಿಗೆ ಬೆಸೆದು, ಆಸಿಲೋಸ್ಕೋಪಿನ ಮುಂದೆ ಕೂತು, ಎಚ್ಚರಗೊಳ್ಳುವುದನ್ನು ಮತ್ತೆ ಮತ್ತೆ ನೋಡಿದ್ದೇನೆ. ಚಾಲೂ ಮಾಡಿದ ಕ್ಷಣ ಏನೂ ಕಾಣುವುದಿಲ್ಲ. ಪರದೆಯ ಮೇಲೆ ನಿಂಬೆಹಳದಿ ಗೆರೆ, ಅದರ ಅಂಚಿನಲ್ಲಿ ನಾಯ್ಸ್‌ನ ಸಣ್ಣ ಅದುರು, ಅಷ್ಟೆ. ಆ ಅದುರಿನಲ್ಲಿ ನೂರಾರು ಸ್ವರಗಳು ಕಲಸಿರುತ್ತವೆ. ಹರಳು ತನ್ನ ಸ್ವರವನ್ನಷ್ಟೇ ಆಯ್ದುಕೊಳ್ಳುತ್ತದೆ, ಚಿಪ್‌ನ ಆಂಪ್ಲಿಫೈಯರ್ ಅದನ್ನು ತುಸು ಹಿಗ್ಗಿಸಿ ಹಿಂದಕ್ಕೆ ಕೊಡುತ್ತದೆ, ಹರಳು ಮತ್ತೆ ಆಯುತ್ತದೆ. ಗೆರೆ ಮೆಲ್ಲಗೆ ದಪ್ಪವಾಗುತ್ತದೆ. ಆಮೇಲೆ ಎರಡೂ ಬದಿಗೆ ಅರಳಿ, ಇನ್ನು ಬೆಳೆಯಲಾಗದು ಎಂಬಲ್ಲಿ ಸಮವಾಗಿ ನಿಲ್ಲುತ್ತದೆ. ಇದಕ್ಕೆ ಸೆಕೆಂಡಿನ ಬಹುಪಾಲು ಬೇಕು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಇದೇ ಹರಳನ್ನು ಚಿಪ್‌ನ ಮುಖ್ಯ ಗಡಿಯಾರ ಮಾಡಿಕೊಳ್ಳುವವರಿಗೆಂದು, ಚಿಪ್‌ನ ಸೆಟ್ಟಿಂಗ್ ಹಿಡಿದಿಡುವ ಫ್ಯೂಸ್ ಬಿಟ್‌ಗಳಲ್ಲಿ 32 ಸಾವಿರ ಮಿಡಿತ ಕಾಯುವ ಆಯ್ಕೆ ಇಟ್ಟಿದ್ದಾರೆ. ಅಂದರೆ ಪೂರ್ತಿ ಒಂದು ಸೆಕೆಂಡು. 16 ಮೆಗಾಹರ್ಟ್ಜ್ ಕ್ರಿಸ್ಟಲಿಗೆ 16 ಸಾವಿರ ಮಿಡಿತ ಕಾದರೂ ಕಳೆಯುವುದು ಒಂದೇ ಮಿಲಿಸೆಕೆಂಡು. ಚಿಪ್‌ನ ಒಳಗೇ ಇರುವ 8 ಮೆಗಾಹರ್ಟ್ಜ್ ಆರ್‌ಸಿ ಆಸಿಲೇಟರ್ ನಿದ್ದೆಯಿಂದ ಏಳಲು ಆರು ಮಿಡಿತ ಸಾಕು.

ನೋಡುವುದಕ್ಕೂ ಒಂದು ಎಚ್ಚರ ಬೇಕು. ಸಾಮಾನ್ಯ ಪ್ರೋಬ್ ತನ್ನೊಂದಿಗೆ ಹತ್ತು ಪಿಕೋಫ್ಯಾರಡ್‌ನಷ್ಟು ಕೆಪಾಸಿಟನ್ಸ್ ತರುತ್ತದೆ. ಹರಳಿನ ಎರಡೂ ಕಾಲಿಗೆ ಕಟ್ಟುವ ಕೆಪಾಸಿಟರುಗಳೂ ಹೆಚ್ಚು ಕಡಿಮೆ ಅಷ್ಟೇ. ಪ್ರೋಬ್ ತಾಗಿಸಿದೊಡನೆ ಅಲೆ ಕುಗ್ಗುತ್ತದೆ, ಒಮ್ಮೊಮ್ಮೆ ನಿಂತೇ ಹೋಗುತ್ತದೆ. ಹಾಗಾಗಿ ಒಂದು ಪಿಕೋಫ್ಯಾರಡ್‌ನ ಆಕ್ಟಿವ್ ಪ್ರೋಬ್ ಹಿಡಿಯುತ್ತೇನೆ. ಮುಖ್ಯ ಗಡಿಯಾರವನ್ನು ನೋಡಬೇಕಾದಾಗ ಕಾಲುಗಳನ್ನು ಮುಟ್ಟುವುದೇ ಇಲ್ಲ; ಫ್ಯೂಸ್‌ನಲ್ಲಿ ಸಿಕೆಔಟ್ ಆನ್ ಮಾಡಿದರೆ ಅದು 14ನೆಯ ಪಿನ್‌ನಲ್ಲಿ ತಾನಾಗಿ ಹೊರಬರುತ್ತದೆ.

ಬಿಸಿಗೆ ಹರಳೂ ಆರ್‌ಸಿಯೂ ಸ್ಪಂದಿಸುವ ಬಗೆಯನ್ನು ನೋಡಿದ ಮೇಲೆಯೇ ನನಗೆ ಆಯ್ಕೆ ಸುಲಭವಾದದ್ದು. ಕವೆಯ ಹರಳು ಅತಿ ವೇಗವಾಗಿರುವುದು ಸುಮಾರು 25 ಡಿಗ್ರಿಯಲ್ಲಿ. ಸೆಖೆ ಏರಿದರೂ ಅದು ನಿಧಾನವಾಗುತ್ತದೆ, ಚಳಿ ಹೆಚ್ಚಿದರೂ ನಿಧಾನವೇ. 45 ಡಿಗ್ರಿಯಲ್ಲಿ ಹಿಂದೆ ಬೀಳುವುದು ದಿನಕ್ಕೆ ಒಂದು ಸೆಕೆಂಡಿಗಿಂತ ತುಸು ಹೆಚ್ಚು, 5 ಡಿಗ್ರಿಯಲ್ಲೂ ಅಷ್ಟೇ. ಆರ್‌ಸಿ ಆಸಿಲೇಟರಿನ ಲೆಕ್ಕ ಹೀಗೆ ನವಿರಲ್ಲ. ಕಾರ್ಖಾನೆಯಿಂದ ಬರುವಾಗಲೇ ಹತ್ತು ಪರ್ಸೆಂಟ್ ಆಚೀಚೆ ಇರಬಹುದು. ಸೀರಿಯಲ್ ಮಾತುಕತೆ ತಾಳುವುದು ಸುಮಾರು ಎರಡು ಪರ್ಸೆಂಟ್ ವ್ಯತ್ಯಾಸವನ್ನು ಮಾತ್ರ. 115200 ಬಾಡ್ ಚೊಕ್ಕವಾಗಿ ಬೇಕೆಂದರೆ 11.0592 ಮೆಗಾಹರ್ಟ್ಜ್ ಹರಳಿದೆ. ಅದನ್ನು 96ರಿಂದ ಭಾಗಿಸಿದರೆ ಶೇಷವೇ ಉಳಿಯದು.

ಬ್ಯಾಟರಿಯಲ್ಲಿ ನಡೆದು, ಬಹುಕಾಲ ಮಲಗಿಯೇ ಇರುವ ಯಂತ್ರಗಳಿಗೆ ನಾನು ಒಂದನ್ನೇ ಆರಿಸುವುದಿಲ್ಲ. ಫ್ಯೂಸ್‌ನಲ್ಲಿ ಆರ್‌ಸಿ ಇಡುತ್ತೇನೆ, ಥಟ್ಟನೆ ಏಳುತ್ತದೆಂದು. ಟೈಮರ್-2ಕ್ಕೆ ವಾಚ್ ಕ್ರಿಸ್ಟಲ್ ಕೊಡುತ್ತೇನೆ. 128ರ ಪ್ರೀಸ್ಕೇಲರ್ ದಾಟಿದ ಮೇಲೆ ಸೆಕೆಂಡಿಗೆ 256 ಮಿಡಿತ ಉಳಿಯುತ್ತದೆ, ಎಂಟು ಬಿಟ್‌ನ ಟೈಮರ್ ಸೆಕೆಂಡಿಗೊಮ್ಮೆ ತುಂಬಿ ಚಿಪ್ಪನ್ನು ಎಬ್ಬಿಸುತ್ತದೆ. ಎದ್ದಾಗಲೆಲ್ಲ ಹರಳಿನ ಕೆಲವು ಮಿಡಿತಗಳ ನಡುವೆ ಆರ್‌ಸಿ ಎಷ್ಟು ಸಲ ಮಿಡಿಯಿತೆಂದು ಪ್ರೋಗ್ರಾಮ್ ಎಣಿಸುತ್ತದೆ. ಹೆಚ್ಚಾಗಿದ್ದರೆ ಆರ್‌ಸಿಯ ವೇಗ ತಿದ್ದುವ ಆಸ್‌ಕ್ಯಾಲ್ ರಿಜಿಸ್ಟರನ್ನು ಒಂದು ಹೆಜ್ಜೆ ಇಳಿಸುತ್ತದೆ, ಕಡಿಮೆಯಿದ್ದರೆ ಒಂದು ಹೆಜ್ಜೆ ಏರಿಸುತ್ತದೆ. ಹೆಜ್ಜೆ ಒಂದೊಂದೇ ಇರಬೇಕು. ಒಮ್ಮೆಲೇ ದೊಡ್ಡದಾಗಿ ಬದಲಿಸಿದರೆ ಚಿಪ್ ತಬ್ಬಿಬ್ಬಾಗುತ್ತದೆ. ಮಧ್ಯಾಹ್ನ ಯಂತ್ರದ ಡಬ್ಬಿ ಕಾದಾಗ ಒಂದು ಬೆಲೆಗೆ ಬಂದು ನಿಲ್ಲುವ ರಿಜಿಸ್ಟರ್, ಬೆಳಗಿನ ಜಾವ ಇನ್ನೊಂದು ಬೆಲೆಯಲ್ಲಿರುತ್ತದೆ.